ಡ್ರೈಸೂಟ್ ಒಳಗೆ ಎಡಗೈ ಒದ್ದೆ, ರೆಗ್ಯುಲೇಟರ್ ಫ್ರೀ ಫ್ಲೋ: ಹೊಸ ಸೂಟ್ ತಗೊಳ್ಳಲೇಬೇಕಾ?

ರೊಬಸ್ಟಾ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ. ಅಲ್ಲಿ ನೀರು 27–28 ಡಿಗ್ರಿ, 3 ಮಿ.ಮೀ. ವೆಟ್‌ಸೂಟ್ (ನೀರು ಒಳಗೆ ಬಂದರೂ ಬೆಚ್ಚಗಿಡುವ ರಬ್ಬರ್ ಉಡುಪು) ಹಾಕಿದರೆ ದೋಣಿಯಲ್ಲಿ ಸೆಕೆಗೆ ಬೇಯುತ್ತೇವೆ. ಅಕ್ಕ ಭಾವ ಇಂಗ್ಲೆಂಡಿನಲ್ಲಿದ್ದಾರೆ. ಭಾವನಿಗೂ ಡೈವಿಂಗ್ ಹುಚ್ಚು. ದೀಪಾವಳಿ ಮುಗಿಸಿಕೊಂಡು ಅವರ ಮನೆಗೆ ಹೋದವನು ಡಿಸೆಂಬರಿನಲ್ಲಿ ಅಲ್ಲೇ ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು) ಕೋರ್ಸ್ ಮಾಡಿದೆ. ನೀರು ತುಂಬಿದ ಹಳೇ ಕಲ್ಲು ಕ್ವಾರಿ, ನೀರು 6 ಡಿಗ್ರಿ. ಸೂಟ್ ಭಾವನ ಹಳೇದು: ಟ್ರೈಲ್ಯಾಮಿನೇಟ್ (ಮೂರು ಪದರದ ತೆಳು ಬಟ್ಟೆ), ಕೈಗೂ ಕುತ್ತಿಗೆಗೂ ಲ್ಯಾಟೆಕ್ಸ್ ಸೀಲ್, ಅಂದರೆ ನೀರು ತಡೆಯುವ ರಬ್ಬರ್ ಪಟ್ಟಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ನನ್ನದೇ, ನೇತ್ರಾಣಿಗೆ ಅಂತ ತಗೊಂಡಿದ್ದ ಸೆಕೆಂಡ್ ಹ್ಯಾಂಡ್.

ಎರಡನೇ ಡೈವ್‌ನಲ್ಲಿ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಒದ್ದೆ. ಬಲಗೈ ಪೂರ್ತಿ ಒಣ. ಪಾದ ಮರಗಟ್ಟಿ ಹೋಗಿತ್ತು, ಸಾಕ್ಸ್ ಸ್ವಲ್ಪ ತೇವ. ಇದೆಲ್ಲ ಹೇಗೋ ತಡ್ಕೊಂಡೆ. ಆದರೆ 14 ಮೀಟರಿನಲ್ಲಿ ರೆಗ್ಯುಲೇಟರ್ ಏಕಾಏಕಿ ಭರ್ರನೆ ಗಾಳಿ ಬಿಡೋಕೆ ಶುರು ಮಾಡಿತು. ನಿಲ್ಲಲೇ ಇಲ್ಲ, ಇದಕ್ಕೇ ಫ್ರೀ ಫ್ಲೋ ಅನ್ನೋದು. ಇನ್‌ಸ್ಟ್ರಕ್ಟರ್ ತಮ್ಮ ಆಕ್ಟೋಪಸ್ (ತುರ್ತಿಗೆಂದು ಇರುವ ಇನ್ನೊಂದು ಉಸಿರಾಟದ ಬಾಯಿತುಂಡು) ಕೊಟ್ಟು ಮೇಲೆ ಕರೆತಂದರು. ಮೇಲೆ ಬರುವಷ್ಟರಲ್ಲಿ ಗಾಳಿಯ ಗೇಜ್ 150 ಬಾರ್‌ನಿಂದ 40ಕ್ಕೆ ಇಳಿದಿತ್ತು.

ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಸಿಲ್ಫ್ರಾಗೆ (ನೀರು ತುಂಬಿದ ನೆಲದ ಬಿರುಕು) ಹೋಗುವ ಯೋಚನೆ ಇದೆ. ಆಮೇಲೆ ಪ್ರತಿ ಚಳಿಗಾಲ ಅಕ್ಕನ ಮನೆಗೆ ಹೋದಾಗಲೂ ಡೈವ್ ಮಾಡಬೇಕು ಅಂತ ಆಸೆ. ಭಾವ ಸೂಟ್ ನನಗೇ ಕೊಟ್ಟರು, ಈಗ ನಮ್ಮ ಮನೆಯಲ್ಲಿದೆ. ಇದನ್ನು ಬಿಟ್ಟು ಹೊಸದು ತಗೊಳ್ಳಲಾ? ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಹೊಯ್ಸಳ78

ಇಷ್ಟೆಲ್ಲ ರಾಮಾಯಣ ಯಾಕೆ ಗುರು, 7 ಮಿ.ಮೀ. ದಪ್ಪದ ವೆಟ್‌ಸೂಟ್ ಹಾಕಿ. ನೀರು ಬಂದರೂ ಬೆಚ್ಚಗಿರುತ್ತೆ. ಲೀಕ್ ಅನ್ನೋ ಮಾತೇ ಇಲ್ಲ.

ಗೊರೂರು ಹಿನ್ನೀರು (ಹಾಸನ)

ಹೊಯ್ಸಳ ಅವರೇ, ಸಿಲ್ಫ್ರಾದ 2–4 ಡಿಗ್ರಿ ನೀರಿಗೆ ಅದು ಆಗೋ ಮಾತಲ್ಲ. ವೆಟ್‌ಸೂಟಿನ ನಿಯೋಪ್ರೀನ್ ರಬ್ಬರ್ ಬೆಚ್ಚಗಿಡುವುದು ಅದರೊಳಗಿನ ಗಾಳಿಗುಳ್ಳೆಗಳಿಂದ. 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, ಗುಳ್ಳೆಯ ಗಾತ್ರ ಹೆಚ್ಚುಕಡಿಮೆ ಅರ್ಧ. ಬೆಚ್ಚಗಿರಬೇಕಾದ ಹೊತ್ತಿಗೇ ಸೂಟ್ ತೆಳ್ಳಗಾಗುತ್ತೆ. ಸಿಲ್ಫ್ರಾದಲ್ಲಿ ಡ್ರೈಸೂಟ್ ಇಲ್ಲದೆ ಡೈವ್‌ಗೆ ಬಿಡುವುದೂ ಇಲ್ಲ.

ರೊಬಸ್ಟಾ, ಒಂದೇ ಕೈ ಒದ್ದೆ ಅಂದರೆ ಸೂಟ್ ಹಾಳಾಗಿದೆ ಅಂತಲ್ಲ. ಎರಡು ಪ್ರಶ್ನೆ. ಎಡಗೈಯಲ್ಲಿ ಟಾರ್ಚೋ ಇನ್‌ಫ್ಲೇಟರೋ (ಗಾಳಿ ತುಂಬುವ ಕೊಳವೆ) ಏನಾದರೂ ಬಿಗಿಯಾಗಿ ಹಿಡ್ಕೊಂಡಿದ್ರಾ? ಮಣಿಕಟ್ಟಿನಲ್ಲಿ ವಾಚು, ಕಡಗ, ದಾರ ಏನಾದರೂ ಇತ್ತಾ?

ರೊಬಸ್ಟಾ

ಟಾರ್ಚ್ ಬಲಗೈಯಲ್ಲಿತ್ತು. ವಾಚ್ ಬಿಚ್ಚಿದ್ದೆ. ದಾರ ಇದೆ. ಹಾಸನಾಂಬೆ ದರ್ಶನಕ್ಕೆ ಹೋದಾಗ ಅಮ್ಮ ಕಟ್ಟಿದ್ದು. ಅದು ಎಷ್ಟಿರುತ್ತೆ ಸರ್, ನೂಲು ಅಷ್ಟೇ.

ಗೊರೂರು ಹಿನ್ನೀರು

ಸಿಕ್ಕಿತು ಅನ್ನಿಸುತ್ತೆ!

ದೇವರ ದೀಪದ ಬತ್ತಿ ಹೇಗೆ ಎಣ್ಣೆ ಎಳೆಯುತ್ತೆ ನೋಡಿದ್ದೀರಲ್ಲ, ಆ ನೂಲೂ ಹಾಗೇ ನೀರು ಎಳೆಯುತ್ತೆ. ಲ್ಯಾಟೆಕ್ಸ್ ಸೀಲ್ ಚರ್ಮಕ್ಕೆ ಪೂರ್ತಿ ಅಂಟಿದ್ದರೆ ಮಾತ್ರ ಕೆಲಸ ಮಾಡುವುದು. ಅರ್ಧ ದಾರ ಸೀಲ್ ಹೊರಗೆ, ಅರ್ಧ ಒಳಗೆ ಇದ್ದರೆ ನೀರಿಗೆ ನೀವೇ ಕಾಲುವೆ ತೋಡಿಕೊಟ್ಟ ಹಾಗೆ. ಕುತ್ತಿಗೆ ಸೀಲ್ ಕೆಳಗೆ ನಾಲ್ಕು ಕೂದಲು ಸಿಕ್ಕಿಕೊಂಡರೂ ಇದೇ ಕಥೆ. ಮುಷ್ಟಿ ಬಿಗಿದರೂ ಅಷ್ಟೇ, ಮಣಿಕಟ್ಟಿನ ಸ್ನಾಯುರಜ್ಜು (ಟೆಂಡನ್) ಎದ್ದು ಪಕ್ಕದಲ್ಲಿ ಸಂದು ಬೀಳುತ್ತೆ. ಅದಕ್ಕೇ ಟಾರ್ಚ್ ಕೇಳಿದ್ದು.

ಆದರೂ ಸೂಟ್ ಹಳೇದು, ಒಮ್ಮೆ ಪರೀಕ್ಷೆ ಮಾಡಿಬಿಡಿ. ಎರಡು ಕೈ ಸೀಲಿಗೂ ಒಂದೊಂದು ಸ್ಟೀಲ್ ಲೋಟ ತೂರಿಸಿ. ಅಂಚು ಹರಿತ ಇಲ್ಲದ್ದು ನೋಡಿ. ಕುತ್ತಿಗೆಗೆ ನುಣುಪಾದ ಚೊಂಬು. ನಾನು ಅಡುಗೆಮನೆಯಿಂದ ಚೊಂಬು ಎತ್ತಿಕೊಂಡು ಬಂದು ಬೈಸಿಕೊಂಡಿದ್ದೇನೆ, ನೀವು ಹೇಳಿಯೇ ತಗೊಳ್ಳಿ. ಜಿಪ್ ಹಾಕಿ, ತೋಳಿನ ಎಕ್ಸಾಸ್ಟ್ ವಾಲ್ವ್ (ಸೂಟಿನ ಗಾಳಿ ಹೊರಬಿಡುವುದು) ಪೂರ್ತಿ ಮುಚ್ಚಿ. ಒಂದು ಲೋಟದ ಬದಲು ತಳ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿ ಇಟ್ಟು, ಗಾಳಿ ಹಾಸಿಗೆಯ ಪಂಪ್‌ನಿಂದ ಊದಿ. ಮೆತ್ತಗೆ ಉಬ್ಬಿದರೆ ಸಾಕು, ಬಿಗಿ ಮಾಡಬೇಡಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪಂಜಿನಲ್ಲಿ ಸವರಿ. ತೂತು ಇದ್ದ ಕಡೆ ನೊರೆ ಏಳುತ್ತೆ. ಹೊಲಿಗೆ, ಜಿಪ್‌ನ ಎರಡು ತುದಿ, ವಾಲ್ವ್ ಸುತ್ತ, ತೊಡೆ ಸಂದು ಇಷ್ಟನ್ನು ಬಿಡಬೇಡಿ.

ಇದೆಲ್ಲ ನೆರಳಿನಲ್ಲಿ. ಕಾಫಿ ಕಣದಲ್ಲಿ ಬಿಸಿಲಿಗೆ ಹರವಬೇಡಿ, ಲ್ಯಾಟೆಕ್ಸ್‌ಗೆ ಬಿಸಿಲೂ ಎಣ್ಣೆಯೂ ಶತ್ರು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕುತ್ತಿಗೆ ಸೀಲ್ ಎಳೆಯಬೇಡಿ. ವಾಸನೆ ಇಲ್ಲದ ಟಾಲ್ಕ್ ಸಾಕು. ಮಳೆಗಾಲದಲ್ಲಿ ಅಟ್ಟಕ್ಕೆ ಹಾಕಿದರೆ ಸಕಲೇಶಪುರದ ತೇವಕ್ಕೆ ಹಿತ್ತಾಳೆ ಜಿಪ್ ಹಸಿರುಗಟ್ಟುತ್ತೆ. ಒಣಗಿಸಿ, ಜಿಪ್‌ನ ಹೊರಗಡೆ ಮೇಣ ಸವರಿ ಇಡಿ.

ಮೂಡಿಗೆರೆ ಮಂಜು

ದಾರದ ಕಥೆ ಓದಿ ನಗು ಬಂತು. ನನ್ನದು ಬಳೆ ಆಗಿತ್ತು.

ನಾನು ನಾರ್ವೆಯಲ್ಲಿ 2 ವರ್ಷ ಇದ್ದೆ, ಚಳಿಗಾಲದಲ್ಲಿ 4–5 ಡಿಗ್ರಿ ನೀರಿನಲ್ಲಿ ಡೈವ್ ಮಾಡುತ್ತಿದ್ದೆ. ಪಾದದ ವಿಷಯ ನಾನು ಹೇಳುತ್ತೇನೆ. ರೊಬಸ್ಟಾ, ಒಳಗೆ ಏನು ಹಾಕ್ಕೊಂಡಿದ್ರಿ? ಸೂಟ್ ಹಾಕಿಕೊಂಡು ದಡದಲ್ಲಿ ಎಷ್ಟು ಹೊತ್ತು ಇದ್ರಿ?

ರೊಬಸ್ಟಾ

ಬನಿಯನ್, ಅದರ ಮೇಲೆ ಥರ್ಮಲ್, ಮೇಲೆ ಸ್ವೆಟ್‌ಶರ್ಟ್. ಕಾಲಿಗೆ ಎರಡು ಜೊತೆ ಕಾಟನ್ ಸಾಕ್ಸ್. ಸಿಲಿಂಡರ್ ಹೊತ್ತುಕೊಂಡು ಕಾರಿನಿಂದ ಎರಡು ಸಲ ಓಡಾಡಿದೆ. ಒಂದು ಮುಕ್ಕಾಲು ಗಂಟೆ ಆಗಿರಬಹುದು ಮೇಡಂ.

ಮೂಡಿಗೆರೆ ಮಂಜು

ಅಲ್ಲಿಗೆ ಸಾಕ್ಸ್ ತೇವ ಆಗಿದ್ದು ಲೀಕ್‌ನಿಂದ ಅಲ್ಲ, ಬೆವರಿನಿಂದ. ಕಾಟನ್ ಬೆವರು ಹೀರಿಕೊಂಡು ಕೂರುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತೆ, ಒದ್ದೆ ಬನಿಯನ್ ಹಾಕಿ ಇಳಿದರೆ ಇನ್ನೇನಾಗುತ್ತೆ? ಎರಡು ಜೊತೆ ಸಾಕ್ಸ್ ಬೂಟಿನಲ್ಲಿ ತುರುಕಿದಾಗ ಬೆಚ್ಚಗಿಡಬೇಕಾದ ಗಾಳಿಗೆ ಜಾಗವೂ ಇಲ್ಲ, ರಕ್ತ ಓಡಾಟವೂ ಕಮ್ಮಿ.

ನಮ್ಮ ಕಡೆ ಹಿಂದೆ ನಾಟಿ ಗದ್ದೆಗೆ ಇಳಿಯೋರು ಮೈಗೆ ಕಂಬಳಿ, ಮೇಲೆ ಗೊರಬು ಹಾಕುತ್ತಿದ್ದರಲ್ಲ? ಮಳೆ ತಡೆಯೋದು ಗೊರಬಿನ ಕೆಲಸ, ಬೆಚ್ಚಗಿಡೋದು ಕಂಬಳಿ ಕೆಲಸ. ಟ್ರೈಲ್ಯಾಮಿನೇಟ್ ಸೂಟ್ ಬರೀ ಗೊರಬು. ಅದಕ್ಕೆ ತನ್ನದೇ ಬಿಸಿ ಇಲ್ಲ. ನೀವು ಗೊರಬನ್ನು ಬೈಯುತ್ತಿದ್ದೀರಿ, ಕಂಬಳಿಯೇ ಹಾಕಿರಲಿಲ್ಲ!

ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದು. ಅದು ತೇವ ಆದರೂ ಬಿಸಿ ಬಿಡುವುದಿಲ್ಲ. ಅದರ ಮೇಲೆ ಡ್ರೈಸೂಟ್‌ಗೆಂದೇ ಮಾಡಿದ ದಪ್ಪ ಒಳಸೂಟ್, ಥಿನ್ಸುಲೇಟ್ (ಕೃತಕ ನಾರು) ತುಂಬಿದ್ದು ಸಿಕ್ಕರೆ ಒಳ್ಳೇದು, ಸೂಟಿನ ಗಾಳಿ ಹಿಂಡಿದರೂ ಅದು ಅಷ್ಟು ಚಪ್ಪಟೆಯಾಗುವುದಿಲ್ಲ. ದಪ್ಪ ಉಣ್ಣೆ ಸಾಕ್ಸ್ ಒಂದೇ ಜೊತೆ. ಗೇರ್ ಎಲ್ಲ ಜೋಡಿಸಿ ಆದಮೇಲೆ ಕೊನೆಗೆ ಸೂಟ್ ಹಾಕಿ, ಜಿಪ್ ಎಳೆದು ನೇರ ನೀರಿಗೆ.

ನಿಯೋಪ್ರೀನ್ ಡ್ರೈಸೂಟ್ ಕೆಟ್ಟದ್ದಲ್ಲ. ಆದರೆ ತೂಕ ಜಾಸ್ತಿ, ಒಣಗೋಕೆ ಎರಡು ದಿನ. ವಿಮಾನದಲ್ಲಿ ಹೊತ್ತು ತಿರುಗೋರಿಗೆ ಟ್ರೈಲ್ಯಾಮಿನೇಟೇ ಸರಿ. ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಒಳಸೂಟ್ ದಪ್ಪ ಆದರೆ ತೂಕದ ಬೆಲ್ಟಿನಲ್ಲಿ ಸೀಸವೂ ಹೆಚ್ಚು ಬೇಕು. ನೇತ್ರಾಣಿ ಲೆಕ್ಕ ಮರೆತುಬಿಡಿ. ಅದು ಉಪ್ಪುನೀರು, ಸಿಲ್ಫ್ರಾ ಸಿಹಿನೀರು. ಅಲ್ಲೇ ದಡದಲ್ಲಿ ಹೊಸದಾಗಿ ನೋಡಿಕೊಳ್ಳಬೇಕು. ಫಿನ್ ಕೂಡ ಅಷ್ಟೇ, ಬರಿಗಾಲಿನದು ಡ್ರೈಸೂಟ್ ಬೂಟಿಗೆ ಹಿಡಿಯೋದಿಲ್ಲ.

ಗೊರೂರು ಹಿನ್ನೀರು

ರೆಗ್ಯುಲೇಟರ್ ವಿಷಯ ಬಾಕಿ ಇದೆ. ನನಗೆ ನಿಜಕ್ಕೂ ಹೆದರಿಕೆ ಆದದ್ದು ಅದೊಂದೇ. ಕೈ ಒದ್ದೆಯಾದರೆ ಚಳಿ, ಗಾಳಿ ಖಾಲಿಯಾದರೆ ಪ್ರಾಣ.

ಲಾರಿ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತಲ್ಲ? ಫಸ್ಟ್ ಸ್ಟೇಜ್ (ರೆಗ್ಯುಲೇಟರಿನ ಸಿಲಿಂಡರಿಗೆ ಕೂರುವ ಭಾಗ) ಒಳಗೆ 200 ಬಾರ್ ಗಾಳಿಯ ಒತ್ತಡ ಒಂದೇ ಏಟಿಗೆ ಇಳಿದು, ಸುತ್ತಲಿನ ನೀರಿನ ಒತ್ತಡಕ್ಕಿಂತ ಬರೀ 10 ಬಾರ್‌ನಷ್ಟು ಹೆಚ್ಚು ಉಳಿಯುತ್ತೆ. ಲೋಹ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಸುತ್ತ 28 ಡಿಗ್ರಿ ನೀರಿದ್ದರೆ ಅದೇ ಬಿಸಿ ಕೊಡುತ್ತೆ. 6 ಡಿಗ್ರಿ ನೀರಿಗೆ ಆ ತಾಕತ್ತಿಲ್ಲ. ಸ್ಪ್ರಿಂಗ್ ಸುತ್ತಲಿನ ನೀರು ಮಂಜುಗಟ್ಟಿ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತೆ. ನಿಮ್ಮದು ಸೀಲ್ ಇಲ್ಲದ, ಅಂದರೆ ನೀರು ಒಳಗೆ ಸೇರುವ, ಪಿಸ್ಟನ್ ಮಾದರಿ ಇರಬೇಕು. ಫ್ರೀ ಫ್ಲೋ ಶುರುವಾಗುವ ಮುಂಚೆ ಏನು ಮಾಡ್ತಿದ್ರಿ?

ರೊಬಸ್ಟಾ

ಹೌದು, ಪಿಸ್ಟನ್. ಮೈ ಹಿಂಡಿದ ಹಾಗಾಗಿ ಸೂಟಿಗೆ ಗಾಳಿ ಬಿಡ್ತಿದ್ದೆ. ಕೆಳಗೆ ಜಾರ್ತಿದ್ದೀನಿ ಅಂತ ಬಿಸಿಡಿಗೂ (ತೇಲಿಸುವ ಜಾಕೆಟ್). ಗಾಬರಿಯಲ್ಲಿ ಉಸಿರೂ ಜೋರಾಗಿತ್ತು.

ಗೊರೂರು ಹಿನ್ನೀರು

ಮೂರೂ ಒಟ್ಟಿಗೆ. ಅದೇ ಕಾರಣ.

ಸೂಟಿಗೆ ಗಾಳಿ ಚೂರು ಚೂರೇ ಬಿಡಿ, ಅರ್ಧ ಸೆಕೆಂಡ್ ಒತ್ತಿ ಬಿಟ್ಟು. ಆ ಹೊತ್ತಿಗೆ ಉಸಿರು ಎಳೆಯಬೇಡಿ. ನೀರಿಗಿಳಿಯುವ ಮುಂಚೆ ಹೊರಗಿನ ಚಳಿಯಲ್ಲಿ ರೆಗ್ಯುಲೇಟರ್ ಬಾಯಿಗಿಟ್ಟು ಉಸಿರಾಡಬೇಡಿ, ಬಾಯಿಯ ಹಬೆ ಸೆಕೆಂಡ್ ಸ್ಟೇಜಿನಲ್ಲಿ (ಬಾಯಿಗಿಡುವ ಭಾಗ) ಮಂಜಾಗುತ್ತೆ. ಗಾಳಿ ನುಗ್ಗಿಸುವ ಪರ್ಜ್ ಬಟನ್ ಸುಮ್ನೆ ಒತ್ತಿ ನೋಡುವ ಚಟ ಇದ್ದರೆ ಬಿಡಿ.

ಕೊಳ್ಳುವುದಾದರೆ ನೀರು ಒಳಗೆ ಸೇರದ, ಸೀಲ್ ಆದ ಡಯಾಫ್ರಾಮ್ (ರಬ್ಬರ್ ಪೊರೆಯ) ಫಸ್ಟ್ ಸ್ಟೇಜ್. ಅಪೆಕ್ಸ್ ಎಕ್ಸ್‌ಟಿಎಕ್ಸ್50, ಸ್ಕೂಬಾಪ್ರೊ ಎಂಕೆ19 ಇವೋ ಇವೆಲ್ಲ ಆ ಜಾತಿ. ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದನ್ನು ತಣ್ಣೀರು ಅನ್ನುತ್ತಾರೆ, ಅದಕ್ಕೆ 4 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆ ಪಾಸಾದದ್ದೇ ನೋಡಿ ತಗೊಳ್ಳಿ. ಸಿಲಿಂಡರಿಗೆ ತಿರುಪಿ ಕೂರಿಸುವ ಡಿನ್ ಮಾದರಿಯದೇ ತಗೊಳ್ಳಿ, ನೇತ್ರಾಣಿಗೆ ಒಂದು ಯೋಕ್ (ಹಿಡಿಕೆಯಂತೆ ಬಿಗಿಯುವ ಇನ್ನೊಂದು ಮಾದರಿ) ಅಡಾಪ್ಟರ್ ಇದ್ದರೆ ಆಯ್ತು. ಆಕ್ಟೋಪಸ್ ಕೂಡ ತಣ್ಣೀರಿನದೇ ಇರಲಿ. ಮುಖ್ಯದ್ದು ಕೈಕೊಟ್ಟಾಗಲೇ ಅಲ್ವಾ ಅದು ಬೇಕಾಗೋದು?

ಸಿಲ್ಫ್ರಾ ಒಂದಕ್ಕೇ ಆಗಿದ್ದರೆ ಏನೂ ಕೊಳ್ಳಬೇಡಿ ಅನ್ನುತ್ತಿದ್ದೆ. ಟೂರಿನವರೇ ಡ್ರೈಸೂಟ್, ರೆಗ್ಯುಲೇಟರ್, ಹುಡ್, ಕೈಗವಸು ಕೊಡುತ್ತಾರೆ. ಆಳವೂ 18 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಉಣ್ಣೆ ಬಟ್ಟೆ, ಕೋರ್ಸಿನ ಸರ್ಟಿಫಿಕೇಟ್ ತಗೊಂಡು ಹೋದರೆ ಸಾಕು. ಪ್ರತಿ ವರ್ಷ ಇಂಗ್ಲೆಂಡ್ ಅಂದಿರಿ, ಅದಕ್ಕೇ ಇಷ್ಟು ಹೇಳಿದ್ದು. ಮೊದಲು ರೆಗ್ಯುಲೇಟರ್, ಆಮೇಲೆ ಒಳಸೂಟ್. ಸೂಟ್ ಬದಲಿಸೋ ಯೋಚನೆ ಪರೀಕ್ಷೆ ಆದಮೇಲೆ.

ರೊಬಸ್ಟಾ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಲೋಟ, ಚೊಂಬು, ಸೋಪಿನ ನೀರು ಎಲ್ಲ ಆಯ್ತು. ಎಲ್ಲೂ ನೊರೆ ಏಳಲಿಲ್ಲ. ಸಮಾಧಾನ ಆಗಲಿಲ್ಲ, ಸೂಟ್ ಹಾಕಿಕೊಂಡು ಹಿತ್ತಲಿನ ನೀರಿನ ಡ್ರಮ್ಮಿಗೆ ಎಡಗೈ ಇಳಿಬಿಟ್ಟು 20 ನಿಮಿಷ ನಿಂತೆ. ದಾರ ಸೀಲ್ ಕೆಳಗಿದ್ದಾಗ ಮೊಣಕೈವರೆಗೆ ಒದ್ದೆ. ದಾರ ಮೇಲೆ ಸರಿಸಿದಾಗ ಒಂದು ಹನಿ ಇಲ್ಲ. ತೋಟಕ್ಕೆ ಹೋಗುತ್ತಿದ್ದ ಆಳುಗಳು ನಿಂತು ನೋಡಿದರು, ಯಾರೂ ಏನೂ ಕೇಳಲಿಲ್ಲ.

ದಾರ ತೆಗೆಯೋಕೆ ಅಮ್ಮ ಒಪ್ಪಲಿಲ್ಲ. ಕೊನೆಗೆ ಅವರೇ ಬಿಚ್ಚಿ ತಾಯತದ ಹಾಗೆ ಮೇಲುತೋಳಿಗೆ ಕಟ್ಟಿದರು. ಅಲ್ಲಿಗೆ ನೀರು ಬರೋದಿಲ್ಲ ತಾನೇ?

ಗೊರೂರು ಹಿನ್ನೀರು

ಬರೋದಿಲ್ಲ. ಬಂದರೆ ದಾರದ ತಪ್ಪಲ್ಲ.

ಹೊಯ್ಸಳ78

ಆ ಪಿಸ್ಟನ್ ರೆಗ್ಯುಲೇಟರ್ ಮಾರ್ತೀರಾ ಗುರು? ನಾನು ನೇತ್ರಾಣಿ ಬಿಟ್ಟು ಎಲ್ಲಿಗೂ ಹೋಗೋನಲ್ಲ.