ಐವತ್ತರವರೆಗೆ ಹೇಳುವ ಮಗು ಐದು ಮಣಿ ಕೊಡಲು ತಡವರಿಸುವುದೇಕೆ?

ಪ್ರಶ್ನೆ – ಮಣಿಸರ

ಮೂರೂವರೆಯಿಂದ ಐದು ವರ್ಷದ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ನಾಲ್ಕು ತುಂಬಿದ ಒಬ್ಬ ಹುಡುಗ ಒಂದರಿಂದ ಐವತ್ತರವರೆಗೆ ಎಲ್ಲಿಯೂ ನಿಲ್ಲದೆ ಹೇಳುತ್ತಾನೆ. ಆದರೆ ಬುಟ್ಟಿಯಿಂದ ಐದು ಮಣಿ ಕೊಡು ಎಂದರೆ ಕೈಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತಾನೆ. ಸಾಲಾಗಿಟ್ಟ ಏಳು ಮಣಿಗಳನ್ನು ಮುಟ್ಟಿ ಮುಟ್ಟಿ ಸರಿಯಾಗಿ ಎಣಿಸಿದ ಮೇಲೂ, "ಹಾಗಾದರೆ ಒಟ್ಟು ಎಷ್ಟಿವೆ?" ಎಂದು ಕೇಳಿದರೆ ಮತ್ತೆ ಒಂದರಿಂದ ಶುರುಮಾಡುತ್ತಾನೆ. ಅವನ ಪೋಷಕರು ಕೂಡುವ ಲೆಕ್ಕಗಳನ್ನು ಬರೆಸಿ ಎನ್ನುತ್ತಿದ್ದಾರೆ. ಈ ಹಂತದಲ್ಲಿ ಅದು ಸರಿಯೇ?

ಉತ್ತರ – ಬಾಲಬೋಧೆ

ಬರೆಸುವ ಅವಸರ ಬೇಡ. ಹುಡುಗನಲ್ಲಿ ದೋಷವೇನೂ ಇಲ್ಲ. ಎಣಿಕೆಯನ್ನು ಅವನು ಇನ್ನೂ ಹಾಡಿನ ಸಾಲಿನಂತೆ ಹೇಳುತ್ತಿದ್ದಾನೆ, ಅಷ್ಟೆ. ಎಣಿಸುವುದೆಂದರೆ ಒಂದೇ ಕೌಶಲವಲ್ಲ. ಮನೋವಿಜ್ಞಾನಿಗಳಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ಅದನ್ನು ಐದು ತತ್ತ್ವಗಳಾಗಿ ಬಿಡಿಸಿದರು: ಒಂದು ವಸ್ತುವಿಗೆ ಒಂದೇ ಹೆಸರು, ಹೆಸರುಗಳ ಕ್ರಮ ಬದಲಾಗದಿರುವುದು, ಕೊನೆಗೆ ಹೇಳಿದ ಹೆಸರೇ ಒಟ್ಟು ಪ್ರಮಾಣ, ಯಾವುದನ್ನಾದರೂ ಎಣಿಸಬಹುದೆಂಬುದು, ಎಲ್ಲಿಂದ ಎಣಿಸಿದರೂ ಒಟ್ಟು ಒಂದೇ ಎಂಬುದು. ನಿಮ್ಮ ಹುಡುಗನಿಗೆ ಮೊದಲೆರಡು ಕೈವಶವಾಗಿವೆ, ಮೂರನೆಯದು ಆಗಿಲ್ಲ. ಆ ಮೂರನೆಯದಿಲ್ಲದೆ ಮೂರು ಮತ್ತು ಎರಡು ಸೇರಿ ಐದು ಎಂಬ ಮಾತು ಅವನ ಪಾಲಿಗೆ ಬರಿಯ ಶಬ್ದ.

"ಇಷ್ಟು ಕೊಡು" ಎಂದು ಕೇಳುವ ಪರೀಕ್ಷೆಯನ್ನು ಕ್ಯಾರೆನ್ ವಿನ್ ಅವರು 1990ರ ಸುಮಾರಿನಲ್ಲಿ ಸಂಶೋಧನೆಗೆ ಬಳಸಿದ್ದರು. ಮಕ್ಕಳು ಮೊದಲು 'ಒಂದು' ಎಂಬುದರ ಅರ್ಥವನ್ನು, ತಿಂಗಳುಗಳು ಕಳೆದ ಮೇಲೆ ಎರಡು, ಮತ್ತೆ ಮೂರು ಎಂಬುದರ ಅರ್ಥವನ್ನು ಬಿಡಿಬಿಡಿಯಾಗಿ ಕಲಿಯುತ್ತಾರೆ; ಆ ನಂತರವೇ ಎಣಿಕೆಯ ಗುಟ್ಟು ಒಟ್ಟಾಗಿ ಹೊಳೆಯುತ್ತದೆ. ಹಾಗಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಏರಿಸುತ್ತಾ ಕೇಳಿ, ಅವನು ಎಲ್ಲಿ ಬಾಚತೊಡಗುತ್ತಾನೆ ಎಂಬುದನ್ನು ಗಮನಿಸಿ.

ಉತ್ತರ – ಓದುಗ ತಂದೆ

ಬಾಯಿಪಾಠವನ್ನು ಇಷ್ಟು ಹಗುರವಾಗಿ ಕಾಣಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹೆಸರುಗಳ ಕ್ರಮವೇ ನೆನಪಿನಲ್ಲಿಲ್ಲದ ಮಗು ಏನನ್ನು ಎಣಿಸೀತು? ಐವತ್ತರವರೆಗೆ ಹೇಳುವುದನ್ನು ನಿಲ್ಲಿಸದೆ, ಅದರ ಜೊತೆಗೆ ವಸ್ತುಗಳನ್ನೂ ತಂದರೆ ಸಾಕು.

ಮಣಿಸರ

ಇಬ್ಬರಿಗೂ ಧನ್ಯವಾದಗಳು. ಕೇಳಿ ನೋಡಿದೆ: ಮೂರರವರೆಗೆ ಸರಿಯಾಗಿ ಕೊಡುತ್ತಾನೆ, ನಾಲ್ಕಕ್ಕೆ ಬಾಚುತ್ತಾನೆ. ಇನ್ನೊಂದು ಸಂದೇಹ. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ಅವರ ಪ್ರಕಾರ ಆರೇಳು ವರ್ಷದವರೆಗೆ ಮಕ್ಕಳಿಗೆ ಸಂಖ್ಯೆಯ ಕಲ್ಪನೆಯೇ ಮೂಡುವುದಿಲ್ಲ, ಆದ್ದರಿಂದ ಈಗ ಕಲಿಸುವುದೇ ವ್ಯರ್ಥ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು.

ಬಾಲಬೋಧೆ

ಹಾಗಾದರೆ ನಿಮ್ಮ ಕೆಲಸ ಐವತ್ತರ ಬಳಿ ಇಲ್ಲ, ನಾಲ್ಕರ ಬಳಿ ಇದೆ. ಮೊದಲು ಒಟ್ಟನ್ನು ಹೇಳಿ, ಆಮೇಲೆ ಎಣಿಸಿ ತೋರಿಸಿ: "ಇಲ್ಲಿ ನಾಲ್ಕು ಮಣಿಗಳಿವೆ, ಒಂದು, ಎರಡು, ಮೂರು, ನಾಲ್ಕು." ಅವನಿಗೆ ಗೊತ್ತಿರುವ ಮೂರಕ್ಕೆ ಒಂದನ್ನು ಸೇರಿಸಿ ನಾಲ್ಕಾಗುವುದನ್ನು ಕಣ್ಣೆದುರೇ ಮಾಡಿ. ಮಣಿಗಳಲ್ಲದೆ ಗುಂಡಿಗಳು, ಚಪ್ಪಾಳೆಗಳು, ಹೆಜ್ಜೆಗಳೂ ಬರಲಿ. ಇಲ್ಲವಾದರೆ ನಾಲ್ಕು ಎಂದರೆ ಮಣಿಗಳ ಗುಣ ಎಂದುಕೊಂಡಾನು.

ಪಿಯಾಜೆ ಅವರ ಪ್ರಯೋಗದಲ್ಲಿ, ಸಮನಾದ ಎರಡು ಸಾಲುಗಳಲ್ಲಿ ಒಂದನ್ನು ಅಗಲಿಸಿದಾಗ ಚಿಕ್ಕ ಮಕ್ಕಳು ಉದ್ದ ಸಾಲಿನಲ್ಲೇ ಹೆಚ್ಚಿವೆ ಎಂದದ್ದು ನಿಜ. ಆದರೆ 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅದನ್ನೇ ತುಸು ಬದಲಿಸಿದರು: ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿ ಗೊಂಬೆ. ಆಗ ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ದೊಡ್ಡವರೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಭಾವಿಸುವುದು ಸಹಜವೇ. ಕಲಿಸಬೇಡಿ ಎನ್ನಲು ಆ ಪ್ರಯೋಗ ಸಾಕಾಗುವುದಿಲ್ಲ.

ಉತ್ತರ – ಆಟಪಾಠ

ತಡವಾಗಿ ಬರೆಯುತ್ತಿದ್ದೇನೆ. ಪೋಷಕರು ಮನೆಯಲ್ಲಿ ಏನಾದರೂ ಮಾಡಿಸಲೇಬೇಕೆಂದರೆ, ಲೆಕ್ಕದ ಪುಸ್ತಕದ ಬದಲು ಒಂದರಿಂದ ಹತ್ತರವರೆಗೆ ಅಂಕಿ ಬರೆದ ಚೌಕಗಳ ನೇರ ಪಟ್ಟಿಯೊಂದನ್ನು ಮಾಡಿಕೊಟ್ಟು, ಅದರ ಮೇಲೆ ಕಾಯಿ ನಡೆಸುವ ಆಟವಾಡಿಸಲು ಹೇಳಿ. ರಮಣಿ ಮತ್ತು ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಆಟವಾಡಿದ ಮಕ್ಕಳು ಎಣಿಕೆಯಲ್ಲಿಯೂ, ಅಂಕಿಗಳನ್ನು ಗುರುತಿಸುವುದರಲ್ಲಿಯೂ, ಯಾವ ಸಂಖ್ಯೆ ದೊಡ್ಡದು ಎಂದು ಹೇಳುವುದರಲ್ಲಿಯೂ ಮುಂದುವರಿದರು. ಅಂಕಿಗಳಿಲ್ಲದೆ ಬಣ್ಣಗಳಷ್ಟೇ ಇದ್ದ ಪಟ್ಟಿಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ಕಾಯಿ ನಡೆಸುವಾಗ ಮಗು ಏನು ಹೇಳುತ್ತದೆ ಎಂಬುದರ ಮೇಲೆ ಮಾತ್ರ ಕಣ್ಣಿಡಿ. ನಾಲ್ಕರಲ್ಲಿ ನಿಂತ ಕಾಯಿ ಎರಡು ಮನೆ ಮುಂದೆ ಹೋಗಬೇಕಾದಾಗ "ಒಂದು, ಎರಡು" ಎನ್ನದೆ "ಐದು, ಆರು" ಎನ್ನಬೇಕು. ಹೆಚ್ಚಿನ ಮಕ್ಕಳು ಮೊದಲು "ಒಂದು, ಎರಡು" ಎಂದೇ ಹೇಳುತ್ತಾರೆ. ಆಗ ತಿದ್ದಿ ಗದರಿಸದೆ, ಅವರ ಬೆರಳು ಚೌಕದ ಮೇಲಿರುವಾಗಲೇ ಅಲ್ಲಿರುವ ಅಂಕಿಯನ್ನು ನೀವೂ ಜೊತೆಗೆ ಹೇಳಿ.