1969ರ ಕಮಾರೊಗೆ ಸಿ4 ಕಾರ್ವೆಟ್‌ನ ಹಿಂದಿನ ಸಸ್ಪೆನ್ಶನ್: ಎಳೆದಾಗ ‘ಧಡ್’, 60 ಮೈಲಿ ಮೇಲೆ ನಡುಕ

ಹಳೇಶೆವಿ:
ನಮಸ್ಕಾರ. ಗಾಡಿ 1969ರ ಶೆವ್ರೊಲೆ ಕಮಾರೊ, 350 ಸ್ಮಾಲ್ ಬ್ಲಾಕ್ ಎಂಜಿನ್, ಟಿ56 ಗೇರ್‌ಬಾಕ್ಸ್ (ಫಸ್ಟ್ ಗೇರ್ ಅನುಪಾತ 2.66). ಲೀಫ್ ಸ್ಪ್ರಿಂಗು, 10-ಬೋಲ್ಟ್ ಆಕ್ಸಲ್ ಎರಡೂ ತೆಗೆದು ಸಿ4 (ನಾಲ್ಕನೇ ಪೀಳಿಗೆಯ) ಕಾರ್ವೆಟ್‌ನ ಹಿಂದಿನ ಸಸ್ಪೆನ್ಶನ್ನನ್ನು ಡಾನಾ 44 ಡಿಫ್ (ಡಿಫರೆನ್ಷಿಯಲ್), 3.45 ಅನುಪಾತದ ಕ್ರೌನ್-ಪಿನಿಯನ್ (ಡಿಫ್ ಒಳಗಿನ ಹಲ್ಲುಚಕ್ರದ ಜೋಡಿ), ಅಡ್ಡ ಫೈಬರ್ ಸ್ಪ್ರಿಂಗ್ ಸಮೇತ ಕೂರಿಸಿದೆ. ಕ್ಲಚ್ ಬಿಟ್ಟು ಜೋರಾಗಿ ಎಳೆದರೆ ಹಿಂದೆ ‘ಧಡ್’ ಅನ್ನುತ್ತೆ. ಗಂಟೆಗೆ 60 ಮೈಲಿ ದಾಟಿದರೆ ನೆಲ ನಡುಗುತ್ತೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಬಹುಪಾಲು ನಿಲ್ಲುತ್ತೆ. ಹಾಳು ರಸ್ತೆಯಲ್ಲಿ ಹಿಂಭಾಗ ಪಕ್ಕಕ್ಕೆ ಸರಿದಂತಾಗುತ್ತೆ. ಯು-ಜಾಯಿಂಟ್ (ಶಾಫ್ಟಿನ ಬಾಗುವ ಕೀಲು) ಎಲ್ಲಾ ಹೊಸವು, ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಆಗಿದೆ. ಗೇರ್‌ಬಾಕ್ಸ್ 3 ಡಿಗ್ರಿ ಹಿಂದಕ್ಕೆ ಇಳಿಜಾರು, ಪಿನಿಯನ್ನೂ ಅದಕ್ಕೆ ಸಮಾನಾಂತರ.

ಕ್ರೌನ್‌ಪಿನಿಯನ್:
ಡಿಫ್‌ನ ಮೂತಿಯನ್ನು (ಪ್ರೊಪೆಲ್ಲರ್ ಶಾಫ್ಟ್ ಸೇರುವ ಮುಂತುದಿ) ಏನು ಹಿಡಿದಿದೆ? ಮೊದಲು ಅದು ಹೇಳಿ.

ಹಳೇಶೆವಿ:
ಹಿಂದೆ ಬ್ಯಾಟ್‌ವಿಂಗ್ (ಡಿಫ್‌ನ ರೆಕ್ಕೆಯಾಕಾರದ ಹಿಂಬದಿ) ಕವರಿನ ಎರಡೂ ತುದಿಯ ಬುಷ್‌ಗಳು ಕ್ರಾಸ್‌ಮೆಂಬರಿಗೆ ಬೋಲ್ಟ್ ಆಗಿವೆ. ಮೂತಿಯ ಮೇಲ್ಗಡೆ ಫ್ಲೋರಿಗೆ ರಬ್ಬರ್ ಸ್ನಬ್ಬರ್ (ತಡೆ) ಇದೆ, ನಡುವೆ ಅರ್ಧ ಇಂಚು ಗ್ಯಾಪ್.

ಕ್ರೌನ್‌ಪಿನಿಯನ್:
ಧಡ್ ಅನ್ನೋದು ಆ ಅರ್ಧ ಇಂಚಿನದೇ. ನಡುಕವೂ ಅಲ್ಲಿಂದಲೇ ಬರ್ತಿರೋ ಸಾಧ್ಯತೆ ಹೆಚ್ಚು.

ಸಿ4ನಲ್ಲಿ ಗೇರ್‌ಬಾಕ್ಸಿಗೆ ಬೇರೆ ಮೌಂಟೇ ಇಲ್ಲ. ಗೇರ್‌ಬಾಕ್ಸ್ ಬಾಲಕ್ಕೂ ಡಿಫ್ ಮೂತಿಗೂ ಅಲ್ಯೂಮಿನಿಯಂ ಸಿ-ಬೀಮ್ ಕಟ್ಟಿ, ಮುಂದೆ ಎಂಜಿನ್ ಮೌಂಟ್, ಹಿಂದೆ ಬ್ಯಾಟ್‌ವಿಂಗ್ ಬುಷ್, ಇಷ್ಟರ ಮೇಲೇ ಇಡೀ ಡ್ರೈವ್‌ಲೈನ್ ನಿಂತಿದೆ. ನಮ್ಮ ಗಾಡಿಗೆ ಹಾಕುವಾಗ ಸಿ-ಬೀಮ್ ಬಿಟ್ಟುಬಿಡ್ತೀವಿ, ಆದರೆ ಅದು ಮಾಡ್ತಿದ್ದ ಕೆಲಸ ಉಳಿದೇ ಇರುತ್ತೆ.

ಲೆಕ್ಕ ಹಾಕಿ. ಎಂಜಿನ್ 350 ಪೌಂಡ್-ಅಡಿ ಕೊಟ್ಟರೆ, 350 × 2.66 × 3.45, ಅಂದರೆ ಸುಮಾರು 3,200 ಪೌಂಡ್-ಅಡಿ ಚಕ್ರಕ್ಕೆ ಹೋಗುತ್ತೆ. ಅಷ್ಟೇ ತಿರುಚು ಬಲ ಡಿಫ್ ಹೌಸಿಂಗಿನ ಮೂತಿಯನ್ನು ಮೇಲಕ್ಕೆತ್ತುತ್ತೆ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಇದನ್ನು ಸ್ಪ್ರಿಂಗೇ ತಿರುಚಿಕೊಂಡು ತಡೀತಿತ್ತು. ಇಲ್ಲಿ ತಡೆಯೋರು ಯಾರೂ ಇಲ್ಲ. ಬ್ಯಾಟ್‌ವಿಂಗ್ ಬುಷ್‌ನಿಂದ ಮೂತಿಗೆ ಒಂದೂವರೆ ಅಡಿ ಅಂತ ಹಿಡಿದರೂ ಮೂತಿಯ ಮೇಲೆ 2,100 ಪೌಂಡ್, ಹೆಚ್ಚೂಕಡಿಮೆ ಒಂದು ಟನ್. ಫ್ಲೋರ್ ಶೀಟ್ ಅದಕ್ಕೆ ಆಗಿಬರಲ್ಲ. ಸ್ನಬ್ಬರ್ ಕೂತ ಜಾಗ ಒಮ್ಮೆ ನೋಡಿ, ಶೀಟ್ ಉಬ್ಬಿರಬಹುದು.

18 ಇಂಚಿಗೆ ಅರ್ಧ ಇಂಚು ಎದ್ದರೆ 1.6 ಡಿಗ್ರಿ. ನಿಂತಾಗ ಸರಿಯಿರೋ ಕೋನ ಎಳೆದಾಗ ಕೆಡುತ್ತೆ. ಮೇಲಾಗಿ ಮೂತಿ ಫ್ಲೋರಿಗೆ ಒತ್ತಿಕೊಂಡಿರೋದರಿಂದ ನಡುಕವೆಲ್ಲ ನೇರ ಸೀಟಿಗೇ ಬರುತ್ತೆ.

ವೆಲ್ಡಿಂಗ್‌ಮೇಜು:
ಮೂತಿಯನ್ನು 2 ಡಿಗ್ರಿ ಕೆಳಗಿಳಿಸಿ ಇಟ್ಟರೆ ಎಳೆದಾಗ ಎದ್ದು ಸರಿಹೋಗಲ್ವಾ? ಲೀಫ್ ಸ್ಪ್ರಿಂಗಿಗೆ ಎಲ್ಲರೂ ಹಾಗೇ ಮಾಡ್ತಾರೆ.

ಕ್ರೌನ್‌ಪಿನಿಯನ್:
ಬೇಡ ಸಾರ್. ಅದು ಆಕ್ಸಲ್ ತಿರುಚುತ್ತೆ ಅಂತ ಒಪ್ಪಿಕೊಂಡು ಮಾಡೋ ಹೊಂದಾಣಿಕೆ. ಇಲ್ಲಿ ಡಿಫ್ ಬಾಡಿಗೆ ಕಟ್ಟಿದ್ದು, ಅಲುಗಲೇಬಾರದು. ಪಿನಿಯನ್ನು ಗೇರ್‌ಬಾಕ್ಸಿಗೆ ಸಮಾನಾಂತರವಾಗಿರಲಿ, ಎರಡೂ ಜಾಯಿಂಟಿನ ಕೋನದ ವ್ಯತ್ಯಾಸ 1 ಡಿಗ್ರಿ ಒಳಗಿರಲಿ. ಒಂದೊಂದು ಜಾಯಿಂಟಿನ ಕೋನ 1ರಿಂದ 3 ಡಿಗ್ರಿ ಇದ್ದರೆ ಒಳ್ಳೇದು. ಪೂರ್ತಿ ಸೊನ್ನೆಯೂ ಬೇಡ, ನೀಡಲ್ ರೋಲರ್‌ಗಳು ಉರುಳದೆ ಒಂದೇ ಜಾಗದಲ್ಲಿ ಗುಳಿ ಬೀಳಿಸುತ್ತವೆ.

ನಡುಕ ಎಲ್ಲಿಂದ ಅಂತ ಊಹೆ ಬೇಡ, ಫೋನಿನ ವೈಬ್ರೇಶನ್ ಆ್ಯಪ್ ಸಾಕು. ಫೋನನ್ನು ಸೀಟ್ ರೈಲಿಗೆ ಬಿಗಿಯಾಗಿ ಕಟ್ಟಿ, ಓದೋ ಕೆಲಸ ಪಕ್ಕದಲ್ಲಿ ಕೂತವರಿಗೆ ಕೊಡಿ. 26 ಇಂಚು ಎತ್ತರದ ಟೈರಿಗೆ 60 ಮೈಲಿಯಲ್ಲಿ ಚಕ್ರ ನಿಮಿಷಕ್ಕೆ ಸುಮಾರು 775 ಸುತ್ತು, ಪ್ರೊಪೆಲ್ಲರ್ ಶಾಫ್ಟ್ ಸುಮಾರು 2,675. ಆ್ಯಪ್ 13 ಹರ್ಟ್ಜ್ ತೋರಿಸಿದರೆ ಟೈರು, ರಿಮ್ಮು. 26 ಅಂದರೆ ಹಾಫ್ ಶಾಫ್ಟ್ (ಡಿಫ್‌ನಿಂದ ಚಕ್ರಕ್ಕೆ ಹೋಗೋ ಶಾಫ್ಟ್) ಜಾಯಿಂಟ್‌ಗಳ ಕೋನ. 45 ಹತ್ತಿರ ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಅಥವಾ ಫ್ಲಾಂಜ್ ಓರೆ. 90 ಹತ್ತಿರ ಅಂದರೆ ಅದರ ಜಾಯಿಂಟ್ ಕೋನ, ಯಾಕಂದರೆ ಯು-ಜಾಯಿಂಟ್ ಸುತ್ತಿಗೆ ಎರಡು ಸಲ ಒದೆಯುತ್ತೆ.

ಹಳೇಶೆವಿ:
ಎಳೆಯುವಾಗ 90ರ ಆಸುಪಾಸು ದೊಡ್ಡ ಏರು, ಬಿಟ್ಟರೆ ಇಲ್ಲವೇ ಇಲ್ಲ ಅನ್ನುವಷ್ಟು. ಸ್ನಬ್ಬರ್ ಮೇಲಿನ ಶೀಟ್ ಉಬ್ಬಿದೆ. ಮೂತಿಗೆ ಮೌಂಟ್ ಹೇಗೆ ಮಾಡೋದು?

ವೆಲ್ಡಿಂಗ್‌ಮೇಜು:
ಮೂತಿಯ ಮೇಲೆ ಸಿ-ಬೀಮ್ ಕೂರ್ತಿದ್ದ ಎರಡು ಬೋಲ್ಟಿನ ಜಾಗ ಇದೆ, ಅದನ್ನೇ ಬಳಸಿ. 10 ಮಿ.ಮೀ. ಸ್ಟೀಲ್ ಪ್ಲೇಟಿನ ಬ್ರಾಕೆಟ್, ತುದಿಯಲ್ಲಿ ಪಾಲಿಯುರೆಥೇನ್ ಬುಷ್. ಆ ಬುಷ್‌ನ ಬೋಲ್ಟಿಗೆ ಎರಡೂ ಕಡೆ ಕಿವಿ ಇರಬೇಕು, ಒಂದೇ ಕಡೆ ಹಿಡಿದರೆ ಬಾಗುತ್ತೆ. ಹೌಸಿಂಗ್ ಅಲ್ಯೂಮಿನಿಯಂ, ಹಾಗಾಗಿ ಬ್ರಾಕೆಟ್ ಅಲ್ಲಿ ಪೂರ್ತಿ ಚಪ್ಪಟೆಯಾಗಿ ಕೂರಬೇಕು. ತೂತು ಈಗಾಗಲೇ ಮೊಟ್ಟೆಯಾಕಾರ ಆಗಿದ್ದರೆ ಬೋಲ್ಟ್ ಎಷ್ಟು ಬಿಗಿದರೂ ಪ್ರಯೋಜನ ಇಲ್ಲ, ಬುಷಿಂಗ್ ಹೊಡೆಸಿ.

ಕ್ರಾಸ್‌ಮೆಂಬರ್ 2 × 3 ಇಂಚಿನ ಆಯತ ಟ್ಯೂಬ್, ಎಂಟನೇ ಒಂದು ಇಂಚು ದಪ್ಪ, ಒಂದು ಫ್ರೇಮ್ ರೈಲಿನಿಂದ ಇನ್ನೊಂದಕ್ಕೆ. ಕಮಾರೊದಲ್ಲಿ ಮುಂದೆ ಮಾತ್ರ ಸಬ್‌ಫ್ರೇಮ್, ಹಿಂದಿನ ರೈಲುಗಳು ಬಾಡಿಗೇ ಸೇರಿದ ಮಡಿಸಿದ ಶೀಟ್. ಟ್ಯೂಬನ್ನು ನೇರ ಅದಕ್ಕೆ ವೆಲ್ಡ್ ಮಾಡಿದರೆ ವೆಲ್ಡ್ ಅಂಚಿನಲ್ಲೇ ಬಿರುಕು ಬಿಡುತ್ತೆ. 5 ಮಿ.ಮೀ. ಪ್ಲೇಟ್ ಅಗಲವಾಗಿ ಹಾಸಿ, ಮೂಲೆಗಳನ್ನು ಗುಂಡಗೆ ಮಾಡಿ, ಅದರ ಮೇಲೆ ಟ್ಯೂಬ್. ಸಬ್‌ಫ್ರೇಮ್ ಕನೆಕ್ಟರ್ ಇಲ್ಲದಿದ್ದರೆ ಇದೇ ಸಮಯಕ್ಕೆ ಹಾಕಿಬಿಡಿ. ಗಾಡಿ ಚಕ್ರದ ಮೇಲೆ ನಿಂತಿರುವಾಗ ಟ್ಯಾಕ್ ಹೊಡೆದು ಕೋನ ಅಳೆದು, ಆಮೇಲೆ ಪೂರ್ತಿ ವೆಲ್ಡ್.

ಮುಗಿದ ಮೇಲೆ ಮೂತಿ ಕೆಳಗೆ ಮರದ ತುಂಡಿಟ್ಟು ಜಾಕಿನಿಂದ ಮೆಲ್ಲಗೆ ಎತ್ತಿ. ಬಾಡಿ ಏಳೋಕೆ ಮೊದಲು ಮೂತಿ 3 ಮಿ.ಮೀ.ಗಿಂತ ಹೆಚ್ಚು ಎದ್ದರೆ ಮೌಂಟ್ ಇನ್ನೂ ಮೆತ್ತಗಿದೆ.

ಕ್ರೌನ್‌ಪಿನಿಯನ್:
ಹಿಂಭಾಗ ಸರಿಯೋ ವಿಷಯ ಬೇರೆ. ಚಕ್ರವನ್ನು ಮುಂದೆ-ಹಿಂದೆ ಹಿಡಿಯೋ ಎರಡೆರಡು ಟ್ರೇಲಿಂಗ್ ರಾಡ್‌ಗಳ ಬ್ರಾಕೆಟ್ ಎಲ್ಲಿ ಹಾಕಿದೀರಿ? ಕಮಾರೊ ರೈಲು ಸಿಗೋ ಜಾಗಕ್ಕೆ ಒಳಗೆಳೆದು ಹಾಕೋದು ಸಾಮಾನ್ಯ ತಪ್ಪು. ಮೇಲಿಂದ ನೋಡಿದಾಗ ರಾಡ್‌ಗಳು ಓರೆಯಾದರೆ ಚಕ್ರ ಮೇಲೆ-ಕೆಳಗೆ ಹೋದಾಗ ಬುಷ್ ಸಿಕ್ಕಿಹಾಕಿಕೊಂಡು ನಕಲ್ (ಚಕ್ರದ ಹಬ್ ಹಿಡಿಯೋ ಭಾಗ) ತಿರುಗುತ್ತೆ. ಕಾರ್ವೆಟ್‌ನಲ್ಲಿ ಡಿಫ್‌ಗೆ ಹೋಲಿಸಿ ಬ್ರಾಕೆಟ್ ಎಲ್ಲಿತ್ತೋ ಅಲ್ಲೇ ಇರಬೇಕು. ರೈಲು ಅಲ್ಲಿಲ್ಲ ಅಂದರೆ ಬ್ರಾಕೆಟನ್ನೇ ಹೊರಗೆ ಚಾಚಿ.

ಪರೀಕ್ಷೆ ಸುಲಭ. ಸ್ಪ್ರಿಂಗ್ ಬಿಚ್ಚಿ, ನಕಲ್ ಕೆಳಗೆ ಜಾಕ್ ಇಟ್ಟು, ಮಾಮೂಲಿ ಎತ್ತರದಿಂದ 50 ಮಿ.ಮೀ. ಮೇಲೆ, 50 ಕೆಳಗೆ ಆಡಿಸಿ, ಟೋ (ಮೇಲಿಂದ ನೋಡಿದಾಗ ಚಕ್ರದ ಓರೆ) ಅಳೆಯಿರಿ. ವ್ಯತ್ಯಾಸ ಒಂದೂವರೆ ಮಿ.ಮೀ. ಒಳಗಿದ್ದರೆ ಸಾಕು. ಈ ಜೋಡಣೆಯಲ್ಲಿ ಹಾಫ್ ಶಾಫ್ಟೇ ಮೇಲಿನ ಲಿಂಕ್, ಆದ್ದರಿಂದ ಗಾಡಿ ನಿಂತಾಗ ಅದು ಹೆಚ್ಚುಕಡಿಮೆ ಮಟ್ಟಸವಾಗಿರಬೇಕು. ಚೆಂದಕ್ಕೆ ಅಂತ ತೀರಾ ತಗ್ಗಿಸಿದರೆ ಕ್ಯಾಂಬರ್ (ಹಿಂದಿನಿಂದ ನೋಡಿದಾಗ ಚಕ್ರದ ವಾಲು), ಜಾಯಿಂಟು ಎರಡೂ ಕೆಡುತ್ತವೆ. ಆಮೇಲೆ ಕ್ಯಾಂಬರ್ ಮೈನಸ್ ಅರ್ಧದಿಂದ ಒಂದು ಡಿಗ್ರಿ, ಟೋ ಒಟ್ಟು 3 ಮಿ.ಮೀ. ಮೀರದಂತೆ ಒಳಮುಖ. ಬೀದಿಯಲ್ಲಿ ಓಡಿಸೋ ಗಾಡಿಗೆ ಅಷ್ಟು ಸಾಕು.

ಹಳೇಶೆವಿ:
ಎಡಗಡೆ ಟ್ರೇಲಿಂಗ್ ಬ್ರಾಕೆಟ್ ಒಳಗಿದೆ, ನೀವು ಹೇಳಿದಂತೆಯೇ. ಸ್ಪ್ರಿಂಗ್ ತೆಗೆದು ಕಾಯಿಲ್-ಓವರ್ (ಶಾಕ್ ಸುತ್ತ ಕಾಯಿಲ್ ಸ್ಪ್ರಿಂಗ್) ಹಾಕಿದರೆ ಜಾಗ ಸಿಗುತ್ತಾ?

ವೆಲ್ಡಿಂಗ್‌ಮೇಜು:
ಜಾಗ ಸಿಗುತ್ತೆ, ಆದರೆ ಶಾಕ್‌ನ ಕೆಳಗಿನ ಸ್ಟಡ್ ಬರೀ ಶಾಕ್‌ನ ಹೊರೆಗೆ ಮಾಡಿದ್ದು. ಗಾಡಿಯ ಭಾರವನ್ನೇ ಒಂಟಿ ಸ್ಟಡ್ ಮೇಲೆ ಹೊರಿಸಬೇಡಿ. ಫೈಬರ್ ಸ್ಪ್ರಿಂಗ್ ಹಾಗೇ ಇರಲಿ. ರಿಮ್ ಕೊಳ್ಳೋಕೆ ಮೊದಲು ಹಬ್‌ನಿಂದ ಹಬ್‌ಗೆ ಅಳೆಯಿರಿ, ಹಳೇ ಆಕ್ಸಲ್ ಸುಮಾರು 60 ಇಂಚು, ಇದು ಎರಡು ಇಂಚಿಗೂ ಹೆಚ್ಚು ಅಗಲ. 5 × 4.75 ಬೋಲ್ಟ್ ಪ್ಯಾಟರ್ನ್ ಒಂದೇ ಅಂತ ಹಳೇ ರಿಮ್ಮೇ ಹಾಕಿದರೆ ಟೈರ್ ಫೆಂಡರಿಗೆ ಉಜ್ಜುತ್ತೆ.

ಹಳೇಶೆವಿ:
ಮೂತಿ ಮೌಂಟ್ ಆಯ್ತು, ಧಡ್ ಇಲ್ಲ, 90ರ ಏರು ಹೋಯ್ತು. ಈಗ 50 ಮೈಲಿ ವೇಗದ ಸುಮಾರಿಗೆ ಸಣ್ಣ ‘ಗುಂಯ್’ ಕೇಳುತ್ತೆ.

ಕ್ರೌನ್‌ಪಿನಿಯನ್:
ಎಳೆದಾಗಲೂ ಬಿಟ್ಟಾಗಲೂ ಒಂದೇ ಥರ ಇದ್ದರೆ ಗಟ್ಟಿ ಬುಷ್ ಹಲ್ಲಿನ ಸದ್ದನ್ನು ಬಾಡಿಗೆ ತಲುಪಿಸ್ತಿದೆ ಅಷ್ಟೇ, ಮೊದಲೂ ಇತ್ತು, ನಡುಕದಲ್ಲಿ ಕೇಳ್ತಿರಲಿಲ್ಲ. ಒಂದು ಹಂತ ಮೆತ್ತನೆ ಬುಷ್ ಹಾಕಿ ನೋಡಿ. ಬಿಟ್ಟಾಗ ಮಾತ್ರ ಜೋರಾದರೆ ಬುಷ್ ಬಿಟ್ಟು ಪಿನಿಯನ್ ಬೇರಿಂಗ್ ಪ್ರೀಲೋಡ್ (ಬಿಗಿತ) ಚೆಕ್ ಮಾಡಿಸಿ.