ಸಹಾಯ ಬೇಕು: ಗ್ಯಾರೇಜಿನ ವರ್ಕ್‌ಬೆಂಚಿಗೆ ಯಾವ ಮರ?

ಪುಣೆ ಕನ್ನಡಿಗರಿಗೆಲ್ಲ ನಮಸ್ಕಾರ. ಕೋಥ್ರೂಡಿನ ನಮ್ಮ ಗ್ಯಾರೇಜಿಗೆ 6 ಅಡಿ ಉದ್ದ, 2 ಅಡಿ ಅಗಲದ ಗಟ್ಟಿ ಬೆಂಚೊಂದನ್ನು ನಾನೇ ಮಾಡಬೇಕೆಂದಿದ್ದೇನೆ. ಎತ್ತರ 34 ಇಂಚು. ಮೇಲೆ 18 ಎಂಎಂ ಪ್ಲೈವುಡ್ ಎರಡು ಪದರ, ಫೆವಿಕಾಲ್ ಹಚ್ಚಿ ಸ್ಕ್ರೂ ಬಿಗಿಯುವುದು. ಅದರಲ್ಲಿ ಅನುಮಾನವಿಲ್ಲ.

ಚಿಂತೆ ಕಾಲುಗಳದ್ದು. ಭಾರ ಹೊರುವುದೇನೂ ದೊಡ್ಡದಲ್ಲ, ರಂದಾ (ಮರ ನಯಮಾಡುವ ಕೀಸುಳಿ) ಹೊಡೆಯುವಾಗ ಅಡ್ಡಕ್ಕೆ ಅಲುಗಬಾರದು, ಅಲ್ವಾ? 3 ಇಂಚು ಚೌಕದ ಕಾಲು, ಕೆಳಗೆ ಸುತ್ತಲೂ ಅಡ್ಡಪಟ್ಟಿ, ಮೂಲೆಗಳಿಗೆ ನಟ್-ಬೋಲ್ಟ್ ಅಂದುಕೊಂಡಿದ್ದೇನೆ. ಮರ ಒಣಗಿ ಸಡಿಲಾದರೆ ಬೋಲ್ಟನ್ನು ಮತ್ತೆ ಬಿಗಿಯಬಹುದು. ಬಾಡಿಗೆ ಮನೆ ಬೇರೆ, ಬಿಚ್ಚಿ ಒಯ್ಯುವುದಕ್ಕೂ ಸುಲಭ. ಇಷ್ಟೇ ಸಾಕಾ, ಹಿಂದುಗಡೆ ಓರೆ ಪಟ್ಟಿಯೂ ಬೇಕಾ?

ಇನ್ನು ಮರ. ಬೆಂಚಿಗೆ ತೇಗ ಹಾಕುವುದು ಸುಮ್ನೆ ದುಂದು. ಸಾಲ್ ಮರ ಗಟ್ಟಿ, ಆದರೆ ತೂಕ ಜಾಸ್ತಿ, ಮೊದಲೇ ತೂತು ಕೊರೆಯದೆ ಸ್ಕ್ರೂ ಇಳಿಯುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಮರ ಅಗ್ಗ, ಆದರೆ ಗೆದ್ದಲಿನ ಭಯ. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ ಹಳೆ ತೊಲೆಗಳು ಸಿಗುತ್ತವಾ? ಕೊಯ್ದು ಕೊಡುತ್ತಾರಾ?

ನೀರು ಹೋಗಲೆಂದು ನೆಲ ಬಾಗಿಲ ಕಡೆಗೆ ಇಳಿಜಾರಾಗಿದೆ, ಮಳೆಗಾಲದಲ್ಲಿ ತೇವವೂ ಇರುತ್ತದೆ. ಕಾಲಿನ ಬುಡಕ್ಕೆ ಏನು ಹಾಕುತ್ತೀರಿ? ಮಾಡಿದವರು ಇದ್ದರೆ ಫೋಟೋ ಹಾಕಿ, ಕಾಲಿನ ಜೋಡಣೆ ಕಾಣುವ ಹಾಗೆ.